ಶಕ್ತಿ ಹೆಚ್ಚಿದೆ

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ತರಕಾರಿ ಕೊಂಡು ತಿಲಕ್ ನಗರದ ಮನೆಗೆ ನಡೆದು ಬರುತ್ತಿದ್ದೆವು. ನನ್ನ ಹೆಂಡತಿ ನಾಗರತ್ನ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತುಬಿಟ್ಟಳು. ‘ಚಪ್ಪಲಿ ಕಚ್ತಿದೆ ಕಣ್ರೀ’ ಎಂದಳು. ತುಟಿ ನೀಲಿಯಾಗಿತ್ತು.

ಚಪ್ಪಲಿಯಲ್ಲ, ಹೃದಯ.

ಎಕೋ ಸ್ಕ್ಯಾನ್ ನೋಡಿದ ಡಾಕ್ಟರು ಪಂಪಿಂಗ್ ತುಂಬಾ ಕಡಿಮೆ ಎಂದರು. ಡಿಸ್ಚಾರ್ಜ್ ಮಾಡುವಾಗ, ಮನೆಯಲ್ಲಿರುವ ರೋಗಿಗಳ ಮೇಲೆ ದೂರದಿಂದಲೇ ನಿಗಾ ಇಡುವ ಸಂಶೋಧನೆಯೊಂದಕ್ಕೆ ಅವಳನ್ನು ಸೇರಿಸಿಕೊಂಡರು. ಎದೆಗೆ ಅಂಟಿಸಿದ ಪ್ಯಾಚ್ ಬಡಿತವನ್ನು ಕಳಿಸುತ್ತಿತ್ತು. ದಿನಾ ಬೆಳಿಗ್ಗೆ ಒಂದು ಫೋನ್ ಬರುತ್ತಿತ್ತು. ಉಸಿರಾಟ ಹೇಗಿದೆ, ಮೈಯಲ್ಲಿ ಶಕ್ತಿ ಹೇಗಿದೆ ಎಂದು ರೆಕಾರ್ಡ್ ಮಾಡಿದ ದನಿ ಕನ್ನಡದಲ್ಲೇ ಕೇಳುತ್ತಿತ್ತು. ಉತ್ತರವನ್ನು ಕಂಪ್ಯೂಟರ್ ಬರೆದುಕೊಳ್ಳುತ್ತಿತ್ತು. ಬಿಟಿಎಂ ಲೇಔಟಿನ ಪಿಜಿಯಿಂದ ಸ್ಕೂಟರಿನಲ್ಲಿ ಬಂದ ಇಂಜಿನಿಯರ್ ಹುಡುಗಿ ಮೇಘನಾ ಎಲ್ಲ ಹೊಂದಿಸಿಕೊಟ್ಟಳು. ಮೊದಲ ದಿನ ನಾಗರತ್ನ ಆ ದನಿಯನ್ನೇ ‘ಕಾಫಿ ಆಯ್ತೇನಮ್ಮ?’ ಎಂದು ವಿಚಾರಿಸಿಕೊಂಡಳು. ನಕ್ಕೆವು.

ಅವಳು ದೀಪ ಹಚ್ಚಿ ಕೂತ ಹೊತ್ತಿಗೆ ಫೋನ್ ಬರುತ್ತಿತ್ತು. ನಾನಾಗ ಹಾಲು ತರಲು ಹೋಗಿರುತ್ತಿದ್ದೆ. ಒಂದು ಬೆಳಿಗ್ಗೆ ಹಾಲಿನೊಂದಿಗೆ ಬಂದು ನೋಡಿದರೆ ಉಸಿರಿಗಾಗಿ ಒದ್ದಾಡುತ್ತಿದ್ದಳು.

ಐಸಿಯು ಬಾಗಿಲಿಗೆ ಮೇಘನಾ ಓಡಿ ಬಂದಳು. ‘ಅಂಕಲ್, ಪ್ಯಾಚ್‌ನಲ್ಲಿ ಸ್ವಲ್ಪ ಏರುಪೇರಿತ್ತು. ಆದ್ರೆ ಆಂಟಿ ದಿನಾ ಶಕ್ತಿ ಹೆಚ್ಚಿದೆ ಅಂತಾನೇ ಹೇಳ್ತಿದ್ರು. ಸಿಸ್ಟಮ್ ಇಂಪ್ರೂವ್ ಆಗ್ತಿದೆ ಅಂತ ತೋರಿಸ್ತಿತ್ತು.’

‘ಹೆಚ್ಚಿದೆ ಅಂತಾನೇ ಅಂದ್ಲಾ?’ ಎಂದೆ.

ನಮ್ಮ ಮನೆಯಲ್ಲಿ ಕುಂಕುಮ ಖಾಲಿಯಾದರೆ ಖಾಲಿ ಎನ್ನುವುದಿಲ್ಲ, ಹೆಚ್ಚಿದೆ ಎನ್ನುತ್ತೇವೆ. ಬಳೆ ಒಡೆದರೂ ಹೆಚ್ಚಿತು ಎಂದೇ ಮಾತು. ಉರಿಯುವ ದೀಪದ ಮುಂದೆ ಕೂತು ಅಶುಭ ನುಡಿಯಲು ನಾಗರತ್ನಳಿಗೆ ಬಾಯಿ ಬರುತ್ತಿರಲಿಲ್ಲ. ಶಕ್ತಿ ಮುಗಿಯಿತು ಎಂದು ಅವಳು ದಿನಾ ಹೇಳುತ್ತಲೇ ಇದ್ದಳು.

ಮೇಘನಾಗೆ ಅದನ್ನು ವಿವರಿಸಿದಾಗ ಅವಳು ಗೋಡೆಗೊರಗಿ ಅತ್ತಳು. ‘ನಿನಗೆ ಹೇಗಮ್ಮ ಗೊತ್ತಾಗ್ಬೇಕು?’ ಎಂದೆ. ನನಗೆ ಸಿಟ್ಟು ಬಂದಿದ್ದು ನಾಗರತ್ನಳ ಮೇಲೆ. ಅವಳ ಆಕ್ಸಿಜನ್ ಮಾಸ್ಕ್ ತೆಗೆದ ಸ್ವಲ್ಪ ಹೊತ್ತಿನಲ್ಲೇ ಕೇಳಿಬಿಟ್ಟೆ.

‘ಮಿಷನ್‌ಗೆ ಹೇಳಿದ್ಯಲ್ಲ, ನನಗ್ಯಾಕೇ ಹೇಳ್ಲಿಲ್ಲ?’

‘ಹೇಳಿದ್ರೆ ಇಲ್ಲಿಗೆ ತಂದು ಹಾಕ್ತಿದ್ರಿ. ಮನೇಲಿ ನಿಮ್ಮ ಜೊತೆ ಇರೋಣ ಅನ್ನಿಸ್ತು ರೀ.’

ಸಂಜೆ ಹೋಗಿಬಿಟ್ಟಳು.

ಮೊದಲೇ ತಿಳಿದಿದ್ದರೂ ಹೃದಯ ಹೆಚ್ಚು ಕಾಲ ತಾಳುತ್ತಿರಲಿಲ್ಲ ಎಂದರು ಡಾಕ್ಟರು. ಇರಬಹುದು. ಕರ್ಮಗಳೆಲ್ಲ ಮುಗಿದ ಮೇಲೆ ಮೇಘನಾ ಬಂದು, ಇಂಥ ಮಾತು ಇನ್ನೂ ಯಾವುವಿವೆ ಎಂದು ಕೇಳಿದಳು. ನೆನಪಿಗೆ ಬಂದಷ್ಟು ಹೇಳಿದೆ. ಬೇರೆಯವರ ಮನೆಯಲ್ಲಾದರೂ ಆ ಕಂಪ್ಯೂಟರ್ ಸರಿಯಾಗಿ ಕೇಳಿಸಿಕೊಳ್ಳಲಿ.

ಆಸ್ಪತ್ರೆಯಲ್ಲಿ ಕಳೆಯಬೇಕಿದ್ದ ಕೆಲವು ಬೆಳಗುಗಳನ್ನು ಅವಳು ನನ್ನೊಂದಿಗೆ ಕಳೆದಳು. ಅಷ್ಟಾದರೂ ಸಿಕ್ಕಿತಲ್ಲ, ಸಾಕು ಎಂದುಕೊಳ್ಳಲು ನೋಡುತ್ತೇನೆ.

ಸಾಕಾಗುತ್ತಿಲ್ಲ.