ಅಜ್ಜಿಯ ಹೊಸ ಕಣ್ಣು, ಹಳೆಯ ಪತ್ತೇದಾರ

ಸ್ವಲ್ಪ ತಾಳಿ. ಸಿನಿಮಾ ಹೇಗಿತ್ತು ಅಂತ ಈಗಲೇ ಕೇಳಬೇಡಿ. ಒಂದು ಮುರುಕು ಮೆಟ್ಟಿಲಿನ ಮಾತು ಬರುವುದಿದೆ. ಅದು ಬರುವವರೆಗೆ ನೀವು ಕಾಯಲೇಬೇಕು. ಅವತ್ತು ಪುಣೆಯ ಆ ಥಿಯೇಟರಿನಲ್ಲಿ ನಾನು ಕಾದಿಲ್ಲವೇ, ಹಾಗೇ!

ಮೊದಲು ನಮ್ಮ ಅಜ್ಜಿಯ ವಿಷಯ ಹೇಳಬೇಕು. ಮದುವೆಯಾಗಿ ಧಾರವಾಡದ ಕಡೆಯಿಂದ ಪುಣೆಗೆ ಬರುವಾಗ ಅಜ್ಜಿ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಒಂದಷ್ಟು ಪತ್ತೇದಾರಿ ಪುಸ್ತಕಗಳನ್ನು ಇಟ್ಟುಕೊಂಡು ಬಂದಿದ್ದಳಂತೆ. ಎಲ್ಲದರಲ್ಲೂ ಒಬ್ಬನೇ ಪತ್ತೇದಾರ. ಇಂಗ್ಲೆಂಡಿನ ಹಳೆಯ ಕಾದಂಬರಿಗಳಲ್ಲಿ ಹುಟ್ಟಿ, ಜಗತ್ತೆಲ್ಲ ಸುತ್ತಿ, ಕನ್ನಡಕ್ಕೂ ಬಂದವನು. ಅಜ್ಜಿ ಅವನನ್ನು ಯಾವತ್ತೂ ಹೆಸರು ಹಿಡಿದು ಕರೆದವಳಲ್ಲ. ‘ನನ್ನ ಹುಡುಗ’ ಅನ್ನುತ್ತಿದ್ದಳು. ಅವನಿಗೆ ಅಜ್ಜಿಗಿಂತ ಎಷ್ಟೋ ಹೆಚ್ಚು ವಯಸ್ಸಾಗಿತ್ತು ಅನ್ನುವುದು ಬೇರೆ ಮಾತು.

ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಅಕ್ಷರ ಕಲಿತದ್ದು ಅಜ್ಜಿಯ ತೊಡೆಯ ಮೇಲೆ, ಅದೇ ಪುಸ್ತಕಗಳಿಂದ. ‘ಕೊಲೆ’ ಅನ್ನುವುದನ್ನು ನಾನು ‘ಕಮಲ’ಕ್ಕಿಂತ ಮೊದಲು ಓದಿದೆ. ಕನ್ನಡದಲ್ಲಿದ್ದದ್ದು ಮುಗಿದ ಮೇಲೆ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಇಂಗ್ಲಿಷಿನವನ್ನು ಹುಡುಕಿ ತಂದು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಒಬ್ಬಳೇ ಓದಿದೆ. ಯಾರೂ ಕಲಿಸಲಿಲ್ಲ. ಹಾಗಾಗಿ ನನಗೆ ಇಂಗ್ಲಿಷ್ ಬರುತ್ತದೆ ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಆಮೇಲೆ ಅಜ್ಜಿಯ ಕಣ್ಣಿಗೆ ಪೊರೆ ಬಂತು. ಪುಸ್ತಕ ಮುಚ್ಚಿಹೋಯಿತು. ನಾನು ಓದಿ ಹೇಳಿದರೆ, ‘ರಿಕ್ಷಾ ಓಡಿಸಿಧಾಂಗ ಓದ್ತಿ’ ಅಂತ ಬೈಯುತ್ತಿದ್ದಳು. ಕೊನೆಗೆ ಒಂದು ಚಳಿಗಾಲದಲ್ಲಿ ಆಪರೇಷನ್ ಆಯಿತು. ಕಪ್ಪು ಕನ್ನಡಕ ತೆಗೆದ ವಾರವೇ ಪೇಪರಿನಲ್ಲಿ ದೊಡ್ಡ ಜಾಹೀರಾತು: ಅದೇ ಪತ್ತೇದಾರನ ಹೊಸ ಇಂಗ್ಲಿಷ್ ಸಿನಿಮಾ! ಆಗ ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ಅಜ್ಜಿ ಪೇಪರನ್ನು ಕೈಯಳತೆಯಲ್ಲಿ ಹಿಡಿದು ನೋಡಿದಳು, ಹತ್ತಿರ ತಂದು ನೋಡಿದಳು.

“ಹೊಸಾ ಕಣ್ಣಿಲೆ ಮೊದಲ ನನ್ನ ಹುಡುಗನ್ನs ನೋಡಾಕಿ ನಾನು,” ಅಂದಳು.

ನಮ್ಮ ಕಾಕಾ, ಅಂದರೆ ಅಜ್ಜಿಯ ಕಿರಿಯ ಮಗ, ಬಟ್ಟೆ ಅಂಗಡಿಗೆ ಹೊರಟವನು ಬಾಗಿಲಲ್ಲೇ ನಿಂತ. “ಅಲ್ಲವ್ವಾ, ಇಂಗ್ಲಿಷ್ ಸಿನಿಮಾ ಅದು. ನಿನಗ ‘ಥ್ಯಾಂಕ್ಯೂ’ ಬಿಟ್ರ ಏನ್ ತಿಳೀತದ?”

“ಇಕಿ ಅದಾಳಲ್ಲ, ಹೇಳ್ತಾಳ.”

“ಒಂದ್ ಮಾತೂ ಬಿಡಂಗಿಲ್ಲ ಅಜ್ಜಿ, ಎಲ್ಲಾ ಕನ್ನಡದಾಗ ಹೇಳ್ತೀನಿ,” ಅಂದೆ ನಾನು, ಎದೆ ಸೆಟೆಸಿ.

“ನಾನೂ ಬರ್ತೀನಿ ತಗೋ,” ಅಂದ ಕಾಕಾ. “ಇಂಟರ್‌ವಲ್ ಆಗೂದ್ರಾಗ ನಮ್ಮವ್ವ ಗೊರಕಿ ಹೊಡೀತಾಳ. ಎಬ್ಬಿಸಿ ಕರ್ಕೊಂಡ್ ಬರಾಕ ಒಬ್ರು ಬೇಕಲ್ಲ?”

ಆ ಮಾತು ನನಗೆ ನಾಟಿತು. ಅಜ್ಜಿ ಇಷ್ಟು ದಿನ ಕತ್ತಲಲ್ಲಿ ಕಾದು, ಹೊಸ ಕಣ್ಣು ತಗೊಂಡು ಹೋಗಿ, ಏನೂ ತಿಳಿಯದೆ ಎದ್ದು ಬಂದರೆ? ಹಾಗಾಗಕೂಡದು. ಅವಳ ಹುಡುಗ ಅವಳಿಗೆ ಸಿಗಲೇಬೇಕು.

ಭಾನುವಾರ ಮಧ್ಯಾಹ್ನದ ಆಟಕ್ಕೆ ಹೊರಟೆವು. ಇಲ್ಲಿ ನಮ್ಮ ಮನೆಯ ಮೆಟ್ಟಿಲಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಸದಾಶಿವ ಪೇಠದ ಹಳೆಯ ವಾಡೆಯ ಮಾಳಿಗೆಯಲ್ಲಿ ನಾವು ಬಾಡಿಗೆಗಿದ್ದೆವು. ಹತ್ತಲು ಇಕ್ಕಟ್ಟಾದ ಮರದ ಮೆಟ್ಟಿಲು, ಹಗಲಲ್ಲೂ ಕತ್ತಲು. ಕೆಳಗಿನಿಂದ ಮೂರನೆಯದರ ಹಲಗೆ ಮುರಿದಿತ್ತು. ಮಾಲೀಕರು ನೀವು ಮಾಡಿಸಿ ಅನ್ನುತ್ತಿದ್ದರು, ನಾವು ನೀವು ಮಾಡಿಸಿ ಅನ್ನುತ್ತಿದ್ದೆವು. ಮನೆಯವರ ಕಾಲು ತಾನಾಗಿಯೇ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಪೊರೆ ಕವಿದ ದಿನಗಳಲ್ಲೂ ಅಜ್ಜಿ ಅಲ್ಲಿ ಒಮ್ಮೆಯೂ ಎಡವಲಿಲ್ಲ. ಕೆಳಗೆ ‘ಧಡ್’ ಅಂತ ಸದ್ದಾಯಿತೋ, ಅಜ್ಜಿ ಒಳಗಿನಿಂದಲೇ, “ಯಾರೋ ಹೊಸಬರು ಬಂದ್ರು, ಚಹಾ ಇಡು,” ಅನ್ನುತ್ತಿದ್ದಳು.

ಥಿಯೇಟರಿನ ಬಾಗಿಲಲ್ಲಿ ಕಾವಲುಗಾರ ಅಜ್ಜಿಯ ಚೀಲ ಮುಟ್ಟಿ ನೋಡಿ ಡಬ್ಬಿ ಏನದು ಅಂತ ಕೇಳಿದ. ಅಜ್ಜಿ ಗಂಭೀರವಾಗಿ ಮರಾಠಿಯಲ್ಲಿ, “ಔಷಧ ಆಹೇ, ಬಾಳಾ,” ಔಷಧಿ ಕಣಪ್ಪಾ ಅಂದಳು. ಅದರೊಳಗಿದ್ದದ್ದು ಹಚ್ಚಿದ ಅವಲಕ್ಕಿ. ಒಳಗೆ ರಾಷ್ಟ್ರಗೀತೆಗೆ ಎಲ್ಲರಿಗಿಂತ ನೆಟ್ಟಗೆ ನಿಂತಳು. ದೀಪ ಆರಿತು. ಪರದೆಯ ಮೇಲೆ ಮಂಜು, ಕುದುರೆ ಗಾಡಿ, ಆಮೇಲೆ ಮಂಜಿನೊಳಗಿಂದ ಅವನು. ಅಜ್ಜಿ ನನ್ನ ಕೈ ಗಟ್ಟಿಯಾಗಿ ಹಿಡಿದಳು.

“ಬಂದಾ ನೋಡು!”

ನಾನು ಕಿವಿ ನಿಮಿರಿಸಿ ಕೂತೆ. ಪತ್ತೇದಾರ ಬಾಯಿ ತೆರೆದ. ಅಯ್ಯೋ ದೇವರೇ! ಒಂದೇ ಒಂದು ಮಾತೂ ನನಗೆ ತಿಳಿಯಲಿಲ್ಲ.

ಯೋಚನೆ ಮಾಡಿ. ನಾನು ಇಂಗ್ಲಿಷನ್ನು ಕಣ್ಣಿನಿಂದ ಕಲಿತವಳು, ಕಿವಿಯಿಂದಲ್ಲ. ಪುಸ್ತಕದಲ್ಲಿ ಅವನು ನನಗೋಸ್ಕರ ನಿಂತು ನಿಂತು ಮಾತಾಡುತ್ತಿದ್ದ. ಇಲ್ಲಿ ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ಹಿಂದೆ ನಾಯಿ ಬೆನ್ನಟ್ಟಿದ ಹಾಗೆ ಮಾತಾಡುತ್ತಿದ್ದ. ಪರದೆಯ ಕೆಳಗೆ ಬರಹವೂ ಇರಲಿಲ್ಲ.

“ಏನಂದಾ?” ಅಂತ ಅಜ್ಜಿ ಪಿಸುಗುಟ್ಟಿದಳು.

“ಅವಾ... ಅವರನ್ನ ವಿಚಾರಸ್ಲಿಕ್ಕತ್ತಾನ.”

“ಇಷ್ಟೊತ್ತು ಮಾತಾಡಿದ್ದು ಇಷ್ಟs ಏನು?”

ಕಾಕಾ ಕತ್ತಲಲ್ಲೇ ಖಿಕ್ ಅಂದ. ಬಾಗಿ ಅಜ್ಜಿಯ ಕಿವಿಯಲ್ಲಿ ಹೇಳಿದೆ: “ಅಜ್ಜಿ, ನನಗೂ ತಿಳೀವಲ್ದು.”

ಅಜ್ಜಿ ನನ್ನ ಕೈಗೆ ಒಂದು ಹಿಡಿ ಅವಲಕ್ಕಿ ಹಾಕಿದಳು. “ಹೋಗ್ಲಿ ಬಿಡು. ನನ್ನ ಹುಡುಗ ಏನ್ ಮಾಡ್ತಿದ್ದ? ಮಂದಿ ಸುಳ್ಳು ಹೇಳ್ಲಿಕ್ಕತ್ರ ಅವ ಅವರ ಬೂಟು ನೋಡ್ತಿದ್ದ. ನಾವೂ ನೋಡೂಣು. ನೀ ಸಿಕ್ಕಷ್ಟು ಕೇಳು, ನಾ ನೋಡ್ತೀನಿ.”

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಸಿನಿಮಾ! ಸಂಜೆಯ ಚಹಾ ಕುಡಿದ ಮುದುಕ ಯಜಮಾನ ಸತ್ತುಬಿದ್ದ. ಆಗ ಅಲ್ಲಿದ್ದವರು ಆ ಸಂಜೆಯಷ್ಟೇ ಮೊದಲ ಸಲ ಬಂದಿದ್ದ ಒಬ್ಬ ಡಾಕ್ಟರ್, ಮನೆವಾರ್ತೆ ನೋಡಿಕೊಳ್ಳುವ ಕಿವಿ ಮಂದವಾದ ಒಬ್ಬಳು ಮುದುಕಿ. ಮರುದಿನ ಪರದೇಶದಿಂದ ಯಜಮಾನನ ಅಣ್ಣನ ಮಗ ಬಂದ, ಜೊತೆಗೆ ಅವನನ್ನು ಮದುವೆಯಾಗಲಿದ್ದ ಹೀರೋಯಿನ್. ಅಜ್ಜಿ ಒಂದೊಂದನ್ನೂ ಹೇಳುತ್ತಿದ್ದಳು. “ಡಾಕ್ಟರ್ ಕೈ ನಡಗ್ತಾವ, ಕುಡಿತಾನ ಇವ.” “ಈ ಮುದುಕಿ ಖರೇನs ಅಳಾಕತ್ತಾಳ, ಮೂಗು ಕೆಂಪಾಗೇದ ನೋಡು.” ಪತ್ತೇದಾರ ಯಾರೋ ರೌಡಿಗಳನ್ನು ಹಿಡಿದು ಗುದ್ದಲು ಶುರು ಮಾಡಿದಾಗ ಮಾತ್ರ ಅವಳಿಗೆ ಸಿಟ್ಟು ಬಂತು. “ಇಷ್ಟ್ಯಾಕ ಬಡದಾಡ್ತಾನ? ಅವ ಕುರ್ಚಿ ಮ್ಯಾಲೆ ಕೂತs ಎಲ್ಲಾ ಹೇಳಾಂವ!”

“ಈಗ ಬಂತ್ ನೋಡವ್ವಾ ಮಜಾ!” ಅಂತ ಕಾಕಾ ಸೀಟಿನ ತುದಿಗೆ ಬಂದಿದ್ದ.

ಮುಂದಿನ ಸಾಲಿನ ಮರಾಠಿ ಗೃಹಸ್ಥರು ತಿರುಗಿ, “ಅಹೋ, ಜರಾ ಹಳೂ ಬೋಲಾ,” ಮೆಲ್ಲಗೆ ಮಾತಾಡಿ ಅಂದರು. ನಾವು ಮೆಲ್ಲಗಾದೆವು. ಸ್ವಲ್ಪ ಹೊತ್ತಿಗೆ ಅವರೇ ಮತ್ತೆ ತಿರುಗಿದರು. “ಆಜೀ ಕಾಯ್ ಮ್ಹಣಾಲ್ಯಾ?” ಅಜ್ಜಿ ಏನಂದರು ಅಂತ! ಪಾಪ, ಅವರಿಗೂ ಏನೂ ತಿಳಿಯುತ್ತಿರಲಿಲ್ಲ. ಅಲ್ಲಿಂದ ನಾನು ಅಜ್ಜಿಯ ಮಾತನ್ನು ಮರಾಠಿಗೆ ತಿರುಗಿಸಿ ಮುಂದಿನ ಸಾಲಿಗೆ ದಾಟಿಸತೊಡಗಿದೆ.

ಇಂಟರ್‌ವಲ್ಲಿಗೆ ದೀಪ ಹತ್ತಿತು. ಹಿಂದಿನ ಸಾಲಿನ ಹುಡುಗನೊಬ್ಬ ನಮ್ಮ ಕಡೆ ಬಾಗಿದ. ಅವನೂ ಗೆಳೆಯರೂ ಯೆರವಡಾ ಕಡೆಯ ಐಟಿ ಆಫೀಸಿನವರು, ಭಾನುವಾರವೂ ಕೊರಳಲ್ಲಿ ಆಫೀಸಿನ ಗುರುತಿನ ಬಿಲ್ಲೆ ತೂಗುತ್ತಿತ್ತು.

“ಅಜ್ಜಿ, ನೀವು ಕನ್ನಡದವ್ರಾ? ನಾನು ಬೆಂಗಳೂರು. ಆಗ್ಲಿಂದ ನಿಮ್ ಮಾತೇ ಕೇಳಿಸ್ಕೊಳ್ತಾ ಇದೀನಿ. ಆಫೀಸಲ್ಲಿ ದಿನಾ ಇಂಗ್ಲಿಷೇ ಮಾತಾಡೋದು, ಆದ್ರೆ ಇವ್ರದ್ದು ಯಾವ ಇಂಗ್ಲಿಷೋ ಗೊತ್ತಾಗ್ತಿಲ್ಲ!”

ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಸುತ್ತ ಎಲ್ಲರೂ ಕೊಲೆಗಾರ ಯಾರು ಅಂತ ಶುರು ಮಾಡಿದ್ದರು. ಕಾಕಾ ಸಮೋಸಾ ಹಿಡಿದು ತೀರ್ಪು ಕೊಟ್ಟ: “ಡಾಕ್ಟರ್‌ನs ರೀ. ಅಂವನ್ನ ಬಿಟ್ರ ವಿಷ ಯಾರ ಕಡೆ ಇರ್ತದ?” ಮುಂದಿನ ಸಾಲಿನವರು ತಲೆಯಾಡಿಸಿದರು.

ಅಜ್ಜಿ ನನ್ನನ್ನು ಕೇಳಿದಳು: “ಆ ಅಣ್ಣನ ಮಗ ಗಾಡಿಯಿಂದ ಇಳಿದಾಗ ಮುದುಕಿ ಕಿವ್ಯಾಗ ಏನೋ ಒದರಿದ್ನಲ್ಲ, ಅದಾದ್ರೂ ತಿಳೀತೇನು?”

ಅದು ತಿಳಿದಿತ್ತು! ಇಡೀ ಮೊದಲರ್ಧದಲ್ಲಿ ನನಗೆ ಸ್ಪಷ್ಟವಾಗಿ ಕೇಳಿದ್ದು ಅದೊಂದೇ. ಮುದುಕಿಯ ಕಿವಿ ಮಂದ ಅಂತ ಅವನು ಬಿಡಿಸಿ ಬಿಡಿಸಿ, ಎರಡೆರಡು ಸಲ ಕೂಗಿ ಹೇಳಿದ್ದ. “ಈ ಮನಿಗೆ ಮೊದಲನೇ ಸಲ ಬರಾಕತ್ತೀನಿ ಅಂದ ಅಜ್ಜಿ. ಹುಟ್ಟಿದಾಗಿಂದ ಒಮ್ಮೆನೂ ಬಂದಿಲ್ಲಂತ.”

ಅಜ್ಜಿ ತೊಡೆ ತಟ್ಟಿದಳು. “ಹಂಗಾರ ಅವನs!”

“ಹ್ಯಾಂಗವ್ವಾ?” ಅಂದ ಕಾಕಾ.

“ಹೆಣ ನೋಡಾಕ ಮ್ಯಾಲೆ ಹತ್ತಿದ್ರಲ್ಲ, ಕತ್ತಲಿ ಪಾವಟಿಗಿ. ನಮ್ಮ ಮನಿ ಮೆಟ್ಟಲದಂಗ ಒಂದು ಮುರದಿತ್ತು. ಡಾಕ್ಟರ್ ಎಡವಿದ. ನನ್ನ ಹುಡುಗನೂ ಎಡವಿದ. ಈ ಅಣ್ಣನ ಮಗ ಗೋಡಿ ಮ್ಯಾಲಿನ ಫೋಟೋ ನೋಡ್ಕೋತ ಅದನ್ನ ದಾಟಿ ಹ್ವಾದ. ಮೊದಲನೇ ಸಲ ಬಂದಾಂವಗ ಹ್ಯಾಂಗ ಗೊತ್ತಾತು?”

ನಾನು ಅವಸರವಸರವಾಗಿ ಅದನ್ನು ಮರಾಠಿಯಲ್ಲಿ ಮುಂದಿನ ಸಾಲಿಗೆ ದಾಟಿಸಿದೆ. ಕಾಕಾ ಮಾತ್ರ ಜೋರಾಗಿ ನಕ್ಕ. “ಅವ್ವಾ, ಅದು ಸಿನಿಮಾ, ನಮ್ಮ ವಾಡೆ ಅಲ್ಲ. ಪಾತ್ರದಾಂವ ಎಡವೂದು ಮರತಿರ್ತಾನ, ಅಷ್ಟ.”

“ಅಜ್ಜಿ, ಅವ್ನು ಹೀರೋಯಿನ್‌ನ ಮದ್ವೆ ಆಗೋನು,” ಅಂದ ಬೆಂಗಳೂರಿನ ಹುಡುಗ ಕನಿಕರದಿಂದ.

“ಲಗ್ನ ಆಗವ್ರು ಕೊಲಿ ಮಾಡಂಗಿಲ್ಲೇನು?” ಅಂದಳು ಅಜ್ಜಿ.

ದ್ವಿತೀಯಾರ್ಧದಲ್ಲಿ ನನ್ನ ಜೀವ ಹೋಗಿ ಹೋಗಿ ಬಂತು. ಪೊಲೀಸರು ಡಾಕ್ಟರನ್ನು ಹಿಡಿದರು. ಕಾಕಾ ಅಜ್ಜಿಯ ಮೊಣಕೈಯನ್ನು ಮೆಲ್ಲಗೆ ತಿವಿದ. ಅಜ್ಜಿ ಹೊಸ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ನನಗೆ ಸಂಕಟ. ಅವಳು ತಪ್ಪಾದರೆ ಪರವಾಗಿಲ್ಲ, ಆದರೆ ಈ ಪರದೆಯ ಮೇಲಿನವನು ಅವಳು ನೋಡಿದ್ದನ್ನು ನೋಡಿರಲೇ ಇಲ್ಲ ಅಂತಾದರೆ? ಬರೀ ಗುದ್ದಾಡುವವನು ಅಂತಾದರೆ? ಆಗ ಅವಳ ಹುಡುಗ ಬರಲೇ ಇಲ್ಲ ಅಂದ ಹಾಗೆ.

ಕೊನೆಯಲ್ಲಿ ಪತ್ತೇದಾರ ಎಲ್ಲರನ್ನೂ ಆ ಮನೆಗೆ ಕರೆಸಿದ. ಉದ್ದಕ್ಕೆ ಏನೇನೋ ಮಾತಾಡಿದ. ಆಮೇಲೆ ನಡೆದು ಹೋಗಿ, ಉಫ್ ಅಂತ ದೀಪ ಆರಿಸಿದ. ಮೇಲೆ ಹತ್ತಿ ಅಂತ ಕೈ ತೋರಿಸಿದ.

“ಬಂತು,” ಅಂದಳು ಅಜ್ಜಿ.

ಪರದೆಯ ಮೇಲೆ ಮೆಟ್ಟಿಲು ಮಾತ್ರ, ಮೇಲಿನ ಕಿಟಕಿಯಿಂದ ಚೂರೇ ಚೂರು ಬೆಳದಿಂಗಳು. ಪೊಲೀಸ್ ಹತ್ತಿದ, ಧಡ್ ಅಂತ ಎಡವಿದ. ಡಾಕ್ಟರ್ ಎಡವಿದ. ಹೀರೋಯಿನ್ ಎಡವಿದಳು. ಅಣ್ಣನ ಮಗನ ಬೂಟು ಬಂತು. ಒಂದು, ಎರಡು, ಸಲೀಸಾಗಿ ಮುರುಕು ಹಲಗೆ ದಾಟಿ ಮುಂದಿನದು. ಪತ್ತೇದಾರ ಕಡ್ಡಿ ಗೀರಿದ. ಆ ಬೆಳಕಿನಲ್ಲಿ ಅವನ ಮುಖದ ಮೇಲೊಂದು ಸಣ್ಣ ನಗು.

ನಮ್ಮ ಮೂರು ಸಾಲು ಒಟ್ಟಿಗೆ ಎದ್ದು ಕೂಗಿದವು! ಮುಂದಿನ ಗೃಹಸ್ಥರು ಹೆಂಡತಿಗೆ, “ಆಜೀಂನೀ ಆಧೀಚ್ ಸಾಂಗಿತಲಂ ಹೋತಂ!” ಅಜ್ಜಿ ಆಗಲೇ ಹೇಳಿದ್ದರಲ್ಲ, ಅಂತ ಅರಚಿದರು. ಬೆಂಗಳೂರಿನ ಹುಡುಗ ಬಾಯಲ್ಲಿ ಬೆರಳಿಟ್ಟು ಸಿಳ್ಳೆ ಹೊಡೆದ. ಬೇರೆ ಸಾಲಿನವರು ಏನಾಯಿತು ಅಂತ ಎದ್ದು ನೋಡಿದರು. ಅಜ್ಜಿ ಮಾತ್ರ ಕೂತೇ ಇದ್ದಳು, ಎರಡೂ ಕೈ ಗಲ್ಲಕ್ಕಿಟ್ಟುಕೊಂಡು, ಪರದೆಯಿಂದ ಕಣ್ಣು ಕೀಳದೆ.

ಹೊರಗೆ ಬಂದಾಗ ಜನರ ಮಾತೇ ಇನ್ನೊಂದು ಸಿನಿಮಾ. ಒಬ್ಬರು ಪುಸ್ತಕದಲ್ಲಿ ಅವನು ಹೀಗೆ ಹಾರಾಡುವುದಿಲ್ಲ ಅಂತ ಸಿಡಿಮಿಡಿ, ಇನ್ನೊಬ್ಬರು ಹಾರಾಡದಿದ್ದರೆ ಈ ಕಾಲದಲ್ಲಿ ಯಾರು ನೋಡುತ್ತಾರೆ ಅಂತ ವಾದ. ಐಟಿಯ ಹುಡುಗರು ಅಜ್ಜಿಯನ್ನು ನಡುವೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆದರು. ಕಾಕಾ ಎಲ್ಲರಿಗಿಂತ ಮುಂದೆ ನಿಂತು, ಕಂಡ ಕಂಡವರಿಗೆ, “ನಮ್ಮ ತಾಯಿ ರೀ, ಇಂಟರ್‌ವಲ್‌ದಾಗs ಹೇಳಿದ್ಲು,” ಅನ್ನುತ್ತಿದ್ದ.

“ಅಜ್ಜಿ, ಸಿನಿಮಾ ಹೇಗಿತ್ತು?” ಅಂತ ಬೆಂಗಳೂರಿನ ಹುಡುಗ ಕೇಳಿದ.

“ಬಡದಾಟ ಒಂದೀಟು ಜಾಸ್ತಿ ಆತಪಾ,” ಅಂದಳು ಅಜ್ಜಿ. “ಕೂದಲಾ ನೆಟ್ಟಗ ಬಾಚಿಲ್ಲ. ಆದ್ರ ಕಣ್ಣು ಅವನವs. ಅಂವ ನನ್ನ ಹುಡುಗನs.”

ರಿಕ್ಷಾದಲ್ಲಿ ದಾರಿಯುದ್ದಕ್ಕೂ ಕಾಕಾನದೇ ಮಾತು. ತಾನೂ ಮೊದಲೇ ಅಣ್ಣನ ಮಗನ ಮೇಲೆ ಒಂದು ಕಣ್ಣಿಟ್ಟಿದ್ದೆ, ಆದರೆ ಹೇಳಲಿಲ್ಲ ಅಷ್ಟೇ ಅಂತ ಸಮಜಾಯಿಷಿ. ವಾಡೆ ತಲುಪಿದಾಗ ಇನ್ನೂ ಸಂಜೆ ಬೆಳಕಿತ್ತು. ಅಜ್ಜಿ ಸೀರೆಯ ನೆರಿಗೆ ಎತ್ತಿಕೊಂಡು ಮುಂದೆ ಹತ್ತಿದಳು, ನಾನು ಹಿಂದೆ. ಎಲ್ಲರ ಕೊನೆಗೆ ಕಾಕಾ, ಪತ್ತೇದಾರ ಕಡ್ಡಿ ಗೀರಿದ್ದನ್ನು ಕೈ ಬೀಸಿ ತೋರಿಸುತ್ತಾ.

ಧಡ್!

ಅಜ್ಜಿ ಮೇಲಿನ ಮೆಟ್ಟಿಲಲ್ಲಿ ನಿಂತು, ನಿಧಾನವಾಗಿ ತಿರುಗಿ, ಹೊಸ ಕಣ್ಣಿನಿಂದ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಯಾರಪಾ ನೀನು? ಈ ಮನಿಗೆ ಮೊದಲನೇ ಸಲ ಬಂದೀಯೇನು?”

ಆಮೇಲೆ ನನ್ನ ಕಡೆ ತಿರುಗಿ, “ಹೊಸಬರು ಬಂದಾರ, ಚಹಾ ಇಡು,” ಅಂದಳು.

ಈಗ ನಿಮ್ಮ ಸರದಿ. ಇದೇ ಸಿನಿಮಾ ನೋಡಿದವರು ನಿಮ್ಮಲ್ಲಿ ಯಾರಾದರೂ ಇದ್ದೇ ಇರುತ್ತೀರಿ. ಭಾಷೆ ತಿಳಿಯದೆ ಸಿನಿಮಾಕ್ಕೆ ಹೋಗಿ, ಎಲ್ಲರಿಗಿಂತ ಚೆನ್ನಾಗಿ ತಿಳಿದುಕೊಂಡು ಬಂದವರು ನಿಮ್ಮ ಮನೆಯಲ್ಲೂ ಇರಬಹುದು. ನಿಮ್ಮ ಸಾಲಿನಲ್ಲಿ ಏನೇನು ನಡೆಯಿತು, ಬರೆದು ತಿಳಿಸಿ. ಕೊಲೆಗಾರ ಯಾರು ಅಂತ ಇಂಟರ್‌ವಲ್ಲಿನಲ್ಲೇ ಹೇಳಿದವರು ಯಾರಾದರೂ ಇದ್ದರೆ ಮಾತ್ರ ಹೇಗೆ ಗೊತ್ತಾಯಿತು ಅಂತ ಬಿಡಿಸಿ ಬರೆಯಿರಿ. ನಾನೇನೂ ಅದನ್ನು ಅಜ್ಜಿಗೆ ಓದಿ ಹೇಳುವುದಿಲ್ಲ, ಈಗ ಅವಳೇ ಓದುತ್ತಾಳೆ.