ನಾಲಿಗೆ ನೋಡಿದ ಸಿಸ್ಟರ್

ಜನವರಿಯ ಎರಡನೇ ಭಾನುವಾರ, ಬೆಳಿಗ್ಗೆ ಏಳು. ದೆಹಲಿ ಪಕ್ಕದ ಘಾಜಿಯಾಬಾದ್.

ಮಗುವನ್ನು ಮುಟ್ಟುವ ಮೊದಲು ಸಿಸ್ಟರ್ ಎರಡೂ ಅಂಗೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಗಂಟುಗಂಟಾದ ಬೆರಳುಗಳು, ಬುಡದವರೆಗೆ ಕತ್ತರಿಸಿದ ಉಗುರು. ಶಿಶುಗಳ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ತರಕಾರಿ ಮಾರುವ ಭಯ್ಯಾ ಕೂಡ ‘ಸಿಸ್ಟರ್ ಜೀ’ ಎನ್ನುತ್ತಿದ್ದ; ಹೆಸರನ್ನು ನಾನೂ ಕೇಳಿರಲಿಲ್ಲ. ನಮ್ಮ ಎದುರು ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ಅವರ ಬಾಗಿಲು ತೆರೆದಿರುತ್ತಿತ್ತು. ಏಕೆಂದು ಕೇಳಿದ್ದಕ್ಕೆ, “ಕನ್ನಡ ಕೇಳಿಸುತ್ತಲ್ಲ ಬೇಟಾ, ಅಷ್ಟೇ,” ಎಂದಿದ್ದರು.

ಹೋದ ವರ್ಷದ ಚಳಿಯಲ್ಲಿ ಮಗಳು ಹುಟ್ಟಿದಳು. ಗಂಡ ಕೆಲಸದ ಮೇಲೆ ಚೆನ್ನೈನಲ್ಲಿದ್ದರು. ಅಮ್ಮ ಕಾಲು ಮುರಿದುಕೊಂಡು ಊರಲ್ಲೇ ಉಳಿದಿದ್ದಳು. ಅತ್ತಾಗ ಮಗುವಿನ ತುಟಿ ನೀಲಿಯಾಗುತ್ತಿತ್ತು. “ದೆಹಲಿ ಚಳಿ ಕಣೇ, ಇನ್ನೊಂದು ಟೋಪಿ ಹಾಕು,” ಎಂದಳು ಅಮ್ಮ. ಹಾಕಿದೆ. ಡೈರಿಯಲ್ಲೂ ‘ಚಳಿ’ ಎಂದೇ ಬರೆದೆ.

ನೋಡಲು ಬಂದ ಸಿಸ್ಟರ್ ನಕ್ಕರು. “ಇಷ್ಟು ಉಣ್ಣೆಯೊಳಗೆ ಮಗು ಎಲ್ಲಿದೆ ಅಂತ ಹುಡುಕಬೇಕಲ್ಲೇ!” ಅಷ್ಟರಲ್ಲಿ ಮಗು ಅತ್ತಿತು. ಬಾಲ್ಕನಿಯ ಬೆಳಕಿಗೆ ಒಯ್ದು ಬಾಯೊಳಗೆ ನೋಡಿದರು. ನಗು ನಿಂತಿತು.

“ಚಳಿಗೆ ಕೈಕಾಲು ನೀಲಿ ಆಗುತ್ತೆ. ನಾಲಿಗೆ ಆಗಲ್ಲ. ಚಲೋ, ಆಸ್ಪತ್ರೆಗೆ ಹೋಗೋಣ, ಶಾಲು ಹೊದ್ದುಕೋ.”

ಆಸ್ಪತ್ರೆಯಲ್ಲಿ ಡಾಕ್ಟರ್ ಚಿತ್ರ ಬರೆದು ತೋರಿಸಿದರು: ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ, ರಕ್ತ ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟು. ಹಾಗಾಗಿ ಆಮ್ಲಜನಕ ಸಿಗದ ರಕ್ತವೂ ಮೈಗೆಲ್ಲ ಹರಿಯುತ್ತದೆ. ಕೆಲವು ತಿಂಗಳು ಕಾದು ಆಪರೇಷನ್ ಮಾಡಬೇಕು.

ಆ ತಿಂಗಳುಗಳಲ್ಲಿ ನಾನು ಬಸಿರಿನ ದಿನಗಳ ಡೈರಿಯನ್ನು ಮತ್ತೆ ಮತ್ತೆ ಓದಿದೆ. ಯಾವ ದಿನ ಏನು ತಿಂದೆ, ಯಾವ ಜ್ವರಕ್ಕೆ ಯಾವ ಮಾತ್ರೆ, ಹೊಗೆ ಕವಿದ ದಿನ ಎಲ್ಲೆಲ್ಲಿ ಓಡಾಡಿದೆ. ಅನುಮಾನ ಬಂದಲ್ಲೆಲ್ಲ ಗುರುತು ಹಾಕುತ್ತಿದ್ದೆ. ಒಂದು ಮಧ್ಯಾಹ್ನ ಸಿಸ್ಟರ್ ಪುಟದ ಮೇಲೆ ಕೈಯಿಟ್ಟರು.

“ಏನು ಹುಡುಕ್ತಿದ್ದೀಯ?”

“ನನ್ನ ತಪ್ಪು.”

“ಅಚ್ಛಾ! ವಾರ್ಡಿನಲ್ಲಿ ತಾಯಂದಿರೆಲ್ಲ ಇದನ್ನೇ ಹುಡುಕೋರು. ನೀನು ಬಸಿರಿ ಅಂತ ನಿನಗೆ ಗೊತ್ತಾಗೋ ಹೊತ್ತಿಗೇ ಮಗುವಿನ ಹೃದಯ ರೂಪುಗೊಳ್ಳೋಕೆ ಶುರುವಾಗಿರುತ್ತೆ. ಯಾಕೆ ಹೀಗಾಯ್ತು ಅಂತ ಎಷ್ಟೋ ಸಲ ಡಾಕ್ಟರಿಗೇ ಗೊತ್ತಾಗಲ್ಲ, ನಿನಗೆ ಗೊತ್ತಾಗುತ್ತಾ? ಏಳು, ಮಗು ಹಸಿದಿದೆ.”

ಆಮೇಲೆ ಆ ಡೈರಿಯನ್ನು ನಾನು ತೆರೆಯಲಿಲ್ಲ.

ಮಳೆಗಾಲದಲ್ಲಿ ಆಪರೇಷನ್ ಆಯಿತು. ಮಗಳ ತುಟಿಗೆ ಕೆಂಪು ಬಂತು. ದೀಪಾವಳಿಗೆ ಅವಳನ್ನು ಅಮ್ಮನಿಗೆ ತೋರಿಸಲು ಊರಿಗೆ ಹೋದೆ. ಮರಳಿದಾಗ ಎದುರುಮನೆಗೆ ಬೀಗ. ಸಿಸ್ಟರ್ ನಿದ್ದೆಯಲ್ಲೇ ಹೋದರಂತೆ. ಯಾರೋ ದೂರದ ಸಂಬಂಧಿ ಬಂದು ಸಾಮಾನು ಸಾಗಿಸಿದರೆಂದು ಗಾರ್ಡ್ ಹೇಳಿದ. ಅವನಿಗೂ ಹೆಚ್ಚು ತಿಳಿಯದು. ನಿಮ್ಮೂರು ಯಾವುದು ಎಂದರೆ ಸಿಸ್ಟರ್ “ಈಗ ಇದೇ” ಎನ್ನುತ್ತಿದ್ದರು.

ಅವರೊಂದಿಗೆ ಕೆಲಸ ಮಾಡಿದವರು, ಅವರ ಮನೆಯವರನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ನನಗೆ ಬರೆಯಿರಿ. ಮಗಳು ಈಗ ಮಂಚ ಹಿಡಿದುಕೊಂಡು ಹೆಜ್ಜೆ ಇಡುತ್ತಾಳೆ. ಅದನ್ನು ಅವರ ಕಡೆಯ ಒಬ್ಬರಿಗಾದರೂ ತೋರಿಸಬೇಕು.