ನಡುಹೊಳೆಯಲ್ಲಿ ನಿಂತ ಮೋಟಾರು

ಸುಟ್ಟ ರಬ್ಬರಿನ ವಾಸನೆ ಎಲ್ಲಿ ಬಂದರೂ ನನಗೆ ನಮ್ಮೂರು ಗೂಗಲ್ಲಿನ ಹೊಳೆ ನೆನಪಾಗುತ್ತದೆ. ರಸ್ತೆಯ ಬದಿಯಲ್ಲಿ ಯಾರಾದರೂ ಹಳೆಯ ಟೈರಿಗೆ ಬೆಂಕಿ ಹಚ್ಚಿದ್ದರೆ ಉಳಿದವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಾರೆ. ನಾನು ಒಂದು ಗಳಿಗೆ ನಿಂತುಬಿಡುತ್ತೇನೆ. ಆ ಕಮಟು ಹೊಗೆಯೊಳಗಿಂದ ಶ್ರಾವಣದ ಕೆಂಪು ನೀರು, ಪೆಟ್ರೋಲಿನ ಘಾಟು, ನನ್ನ ಅತ್ತೆ ನೀಲಮ್ಮ ಉಟ್ಟಿದ್ದ ಹೊಸ ಇಳಕಲ್ ಸೀರೆಯ ಗಂಜಿ, ಎಲ್ಲವೂ ಒಂದೊಂದಾಗಿ ಬಿಡಿಸಿಕೊಂಡು ಬರುತ್ತವೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಬೇರೆಯವರಿಗೆ ಹೇಳಿದರೆ ನಗುತ್ತಾರೆಂದು ನೀವೂ ಸುಮ್ಮನಿದ್ದೀರಿ.

ಕೃಷ್ಣೆಯ ದಂಡೆಯಿಂದ ತುಸು ಮೇಲಕ್ಕೆ ನಮ್ಮ ಮಾಳಿಗೆ ಮನೆ. ಅಪ್ಪ ಎರಡೂ ದಂಡೆಯ ಊರುಗಳಿಂದ ಸೇಂಗಾ ಕೊಂಡು ರಾಯಚೂರಿಗೆ ಸಾಗಿಸುತ್ತಿದ್ದ. ಅದಕ್ಕಾಗಿ ಒಂದು ಮರದ ದೋಣಿ ಇಟ್ಟಿದ್ದ. ಅವನ ಒಬ್ಬಳೇ ತಂಗಿ ನೀಲಮ್ಮತ್ತೆಯನ್ನು ಕೊಟ್ಟಿದ್ದು ಆಚೆ ದಂಡೆಯ ಊರಿಗೆ. ಮಾಳಿಗೆ ಹತ್ತಿದರೆ ಆ ಊರಿನ ಬೇವಿನ ಮರಗಳು ಕಾಣುತ್ತಿದ್ದವು. ಆದರೆ ಮಳೆಗಾಲದಲ್ಲಿ ಹೊಳೆ ತುಂಬಿತೆಂದರೆ ಆ ಊರು ಹೈದರಾಬಾದಿಗಿಂತ ದೂರ. ಹುಟ್ಟು ಹಾಕಿ ಆ ಸೆಳವು ದಾಟುವುದು ಆಗದ ಮಾತು. ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಪಂಚಮಿ ಹಬ್ಬ ಬರುವುದೂ ಅದೇ ಹೊತ್ತಿಗೆ. ಅಜ್ಜಿ ಪ್ರತಿ ವರ್ಷ ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟಿಸಿ, ಯಾರನ್ನೂ ಅದರ ಮೇಲೆ ಕೂಡಗೊಡದೆ, ಸಂಜೆಗೆ ಬಿಚ್ಚಿಸಿಬಿಡುತ್ತಿದ್ದಳು. ಆ ವರ್ಷ ಅವಳು ಹಾಸಿಗೆ ಹಿಡಿದಳು. “ಯಪ್ಪಾ, ನೀಲವ್ವನ ಮಾರಿ ಒಮ್ಮೆ ನೋಡ್ಬೇಕು ನೋಡು” ಎಂದಷ್ಟೇ ಅಂದಳು. ಮರುದಿನ ಅಪ್ಪ ರಾಯಚೂರಿಗೆ ಹೋದ.

ಅವನು ತಿರುಗಿ ಬಂದಾಗ ಬಂಡಿಯಲ್ಲಿ ಗೋಣಿಚೀಲ ಸುತ್ತಿದ ಒಂದು ಮೋಟಾರು ಇತ್ತು. ದೊಡ್ಡ ಯುದ್ಧ ಆಗಷ್ಟೇ ಮುಗಿದಿತ್ತು. ದಂಡಿನ ಹಳೆಯ ಸಾಮಾನು ಕೈಯಿಂದ ಕೈಗೆ ದಾಟಿ ಎಲ್ಲೆಲ್ಲೋ ಮಾರಾಟವಾಗುತ್ತಿತ್ತು. ದೋಣಿಯ ಹಿಂಬದಿಗೆ ನೇತುಹಾಕುವ ಯಂತ್ರ ಅದು: ಮೇಲೆ ಇಂಜಿನ್ನು, ಕೆಳಗೆ ನೀರಿನಲ್ಲಿ ಮುಳುಗುವ ಉದ್ದನೆಯ ಕಾಲು, ಕಾಲಿನ ತುದಿಗೆ ಪಂಖ. ಪಾದದ ಹತ್ತಿರದ ಜಾಳಿಗೆಯಿಂದ ಹೊಳೆಯ ನೀರು ಕುಡಿದು, ಇಂಜಿನ್ನಿನ ಮೈ ತಂಪು ಮಾಡಿಕೊಂಡು, ಬೆನ್ನಿನ ಸಣ್ಣ ತೂತಿನಿಂದ ಕೂಸು ಉಚ್ಚೆ ಹೊಯ್ದಂತೆ ಅದನ್ನು ಹೊರಗೆ ಬಿಡುತ್ತಿತ್ತು. ಮಾರಿದ ಮಿಸ್ತ್ರಿ ಹೇಳಿದ್ದನ್ನು ಅಪ್ಪ ಮಂತ್ರದಂತೆ ಒಪ್ಪಿಸುತ್ತಿದ್ದ: “ಸಾವ್ಕಾರ್ರೇ, ಈ ತೂತಿನಾಗ ನೀರು ಬರೋತನಕ ಇಂಜಿನ್ನಿಗೆ ಜೀವ ಅದ. ನೀರು ನಿಂತ್ರ ಫೌರನ್ ಬಂದ್ ಮಾಡ್ರಿ.”

ಮಳೆ ಎರಡು ದಿನ ಬಿಡುವು ಕೊಟ್ಟು ಹೊಳೆ ತುಸು ಇಳಿದ ಮುಂಜಾನೆ, ನನ್ನ ಅಳು ತಾಳಲಾರದೆ ಅಪ್ಪ ನನ್ನನ್ನೂ ಕೂಡಿಸಿಕೊಂಡು ಹೊರಟ. ಹೋಗುವಾಗ ಮೋಟಾರು ಚೆನ್ನಾಗಿಯೇ ನಡೆಯಿತು. ಅಣ್ಣ ಬಂದನೆಂಬ ಸುದ್ದಿ ಕೇಳಿ ಅತ್ತೆ ಉಂಡಿಯ ಗಂಟು ಬಗಲಲ್ಲಿ ಇಟ್ಟುಕೊಂಡು ದಂಡೆಗೆ ಓಡೋಡಿ ಬಂದಳು. ತಿರುಗಿ ಬರುವಾಗ ನಡುಹೊಳೆಯಲ್ಲಿ ತೂತಿನ ನೀರು ದಾರದಷ್ಟು ಸಣ್ಣದಾಯಿತು, ಆಮೇಲೆ ಬರೀ ಹಬೆ, ಆಮೇಲೆ ಅದೂ ಇಲ್ಲ. ಸುಟ್ಟ ರಬ್ಬರು ಗಪ್ಪನೆ ಮೂಗಿಗೆ ಬಡಿಯಿತು. ಅಪ್ಪ ಕೂಡಲೇ ಇಂಜಿನ್ ನಿಲ್ಲಿಸಿದ. ಸದ್ದು ನಿಂತದ್ದೇ ತಡ, ನೀರಿನ ಸದ್ದು ಎಷ್ಟು ದೊಡ್ಡದೆಂದು ತಿಳಿಯಿತು. ದೋಣಿ ಸುತ್ತುತ್ತ ಕೆಳಗೆ ಹರಿಯತೊಡಗಿತು. ಅಪ್ಪ ಒಂದು ಹುಟ್ಟು, ಅತ್ತೆ ಇನ್ನೊಂದು ಹುಟ್ಟು ಹಿಡಿದು, ಹಲ್ಲು ಕಚ್ಚಿ ಎಳೆದು, ಹೇಗೋ ಒಂದು ನಡುಗಡ್ಡೆಗೆ ತಂದು ಜಾಲಿ ಗಿಡಕ್ಕೆ ಕಟ್ಟಿದರು.

ಕಾದ ಕಬ್ಬಿಣಕ್ಕೆ ತಣ್ಣೀರು ಸುರಿದರೆ ಸೀಳುತ್ತದೆಂದು ಅದು ತಾನಾಗಿ ಆರುವವರೆಗೆ ಅಪ್ಪ ಕಾದ. ಮೊದಲು ಅತ್ತೆಯ ಸೆರಗಿನ ಪಿನ್ನು ಇಸಿದುಕೊಂಡು ಬೆನ್ನಿನ ತೂತು ಚುಚ್ಚಿದ. ಹಗ್ಗ ಎಳೆದು ಶುರು ಮಾಡಿದರೆ ನೀರಿಲ್ಲ. ಆಮೇಲೆ ಕಾಲು ಮೇಲೆತ್ತಿ ನೋಡಿದರೆ ಜಾಳಿಗೆಯ ತುಂಬ ಪಾಚಿ. ಎಲ್ಲ ಕಿತ್ತು ತೆಗೆದಾಗ ಎರಡು ಹನಿ ಬಂದಂತೆ ಮಾಡಿ ಮತ್ತೆ ನಿಂತಿತು. ಕೊನೆಗೆ ಪಾನಾ ಹಾಕಿ ಪಾದವನ್ನೇ ಬಿಚ್ಚಿದ. ಒಳಗೆ ನೀರೆತ್ತುವ ಪುಟ್ಟ ರಬ್ಬರಿನ ಚಕ್ರ, ದಾಸವಾಳದಂತೆ ಎಸಳು ಎಸಳು. ಹೊಳೆಯ ಉಸುಕು ತಿಂದು ಒಂದು ಎಸಳು ಬುಡದಿಂದಲೇ ಹರಿದುಹೋಗಿತ್ತು. ಅಪ್ಪ ಉಸುಕಿನಲ್ಲಿ ಕುಸಿದು ಕೂತ. “ಇಂಥಾದು ರಾಯಚೂರಿನಾಗೂ ಸಿಗೂದಿಲ್ಲ ನೀಲಾ. ಅವ್ವಗ ನಾ ಏನಂತ ಹೇಳ್ಲಿ?” ಅಪ್ಪನ ಕಣ್ಣಲ್ಲಿ ನೀರು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅತ್ತೆ ಆ ಚಕ್ರವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. “ಅಣ್ಣಾ, ಹರಿದ ತುಂಡು ಎಲ್ಲಿ ಹೋತು?”

“ಹೊಳ್ಯಾಗ ಬಿದ್ದಿರತದ.”

“ಜಾಳಗಿ ಗಟ್ಟಿ ಅದಲ್ಲ? ಕೆಳಗ ಬೀಳಾಕ ದಾರಿನ ಇಲ್ಲ. ಮ್ಯಾಲೇ ಹೋಗ್ಯದ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಪ್ಪ ಎದ್ದು, ಇಂಜಿನ್ನಿಗೆ ನೀರು ಒಯ್ಯುವ ತಾಮ್ರದ ಕೊಳವೆ ಬಿಚ್ಚಿ, ಮೇಲಿನ ತುದಿಗೆ ಬಾಯಿ ಹಚ್ಚಿ ಊದಿದ. ಮುಖ ಕೆಂಪಾಯಿತೇ ಹೊರತು ಏನೂ ಬರಲಿಲ್ಲ. ಅತ್ತೆ ಕಸಿದುಕೊಂಡು ಊದಿದಳು. ಮತ್ತೆ ಅಪ್ಪ. “ಗಲ್ಲ ಉಬ್ಬಿದ್ರ ಥೇಟ್ ಕಪ್ಪಿ ಕಂಡಂಗ ಕಾಣ್ತಿ” ಎಂದು ಅತ್ತೆ ಅಂದದ್ದೇ, ತಡೆಯಲಾರದೆ ಅಪ್ಪ ನಕ್ಕುಬಿಟ್ಟ. ಆ ನಗುವಿನ ಉಸಿರಿಗೋ ಏನೋ, ಜಗಿದುಬಿಟ್ಟ ಅಡಿಕೆಯಂಥ ಕರಿಯ ತುಂಡೊಂದು ಟಪ್ಪನೆ ಸಿಡಿದು ನನ್ನ ಉಡಿಯಲ್ಲಿ ಬಿತ್ತು. ಅಣ್ಣ ತಂಗಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ಉಸುಕಿನಲ್ಲಿ ಹೊರಳಾಡಿ ನಕ್ಕರು. ಸುತ್ತಲೂ ಹೊಳೆ ಭೋರ್ಗರೆಯುತ್ತಿತ್ತು.

ಉಳಿದ ಎಸಳುಗಳಿಂದಲೇ ಮೋಟಾರು ಮತ್ತೆ ನೀರೆತ್ತಿತು, ಆದರೆ ಅರೆಜೀವದಲ್ಲಿ. ಅಪ್ಪ ಅದನ್ನು ಬಸುರಿಯನ್ನು ನಡೆಸಿದಂತೆ ಮೆಲ್ಲಗೆ ನಡೆಸಿದ. ಅತ್ತೆ ತೂತಿನಿಂದ ಬೀಳುವ ನೀರಿಗೆ ಅಂಗೈ ಒಡ್ಡಿ ಕೂತಳು. “ಬೆಚ್ಚಗದ… ಬೆಚ್ಚಗದ…” ಎನ್ನುತ್ತಿದ್ದವಳು “ಸುಡ್ತು!” ಎಂದ ಕೂಡಲೇ ಅಪ್ಪ ಇಂಜಿನ್ ನಿಲ್ಲಿಸಿ ಹುಟ್ಟು ಹಿಡಿಯುವನು, ಆರಿದ ಮೇಲೆ ಮತ್ತೆ ಹಗ್ಗ ಎಳೆಯುವನು. ಹೀಗೆ ಸಂಜೆಯ ದೀಪದ ಹೊತ್ತಿಗೆ ಮನೆ ಮುಟ್ಟಿದೆವು. ಅಜ್ಜಿ ಮಗಳ ಕೈ ಹಿಡಿದು ಗಲ್ಲಕ್ಕೆ ಒತ್ತಿಕೊಂಡಳು. “ಎಷ್ಟು ಬೆಚ್ಚಗದ ಯವ್ವಾ ನಿನ್ನ ಕೈ” ಅಂದಳು. ಅತ್ತೆ ಕೈಯನ್ನು ಹಾಗೇ ಬಿಟ್ಟಳು.

ದಸರೆಯ ಮೊದಲೇ ಅಜ್ಜಿ ಹೋದಳು. ಅಪ್ಪ ಲಾರಿ ಟೈರು ಕೊರೆದು ಚಕ್ರ ಮಾಡಿ ನೋಡಿದ, ಅದು ಬಾಳಲಿಲ್ಲ. ಕಾಳಿನ ಕೋಣೆಯ ಮೂಲೆಯಲ್ಲಿ ನಿಂತ ಮೋಟಾರು ಒಂದು ದಿನ ಹಳೆ ಕಬ್ಬಿಣದವನ ಬಂಡಿ ಏರಿತು. ಆಮೇಲೆ ಅಪ್ಪನೂ ಇಲ್ಲವಾದ. ಮಾಳಿಗೆ ಕುಸಿದು, ಮನೆ ಇದ್ದ ಜಾಗದಲ್ಲಿ ಈಗ ಯಾರದೋ ಹೊಲ.

ಅತ್ತೆಯ ಕೊನೆಗಾಲ ರಾಯಚೂರಿನ ಮಗನ ಮನೆಯಲ್ಲಿ ಕಳೆಯಿತು. ನಾನು ನೋಡಲು ಹೋದಾಗ ನನ್ನ ಗುರುತೂ ಅವಳಿಗೆ ಸರಿಯಾಗಿ ಹತ್ತಲಿಲ್ಲ. ಹೊಳೆ, ದೋಣಿ, ಮೋಟಾರು, ಏನು ಕೇಳಿದರೂ ಮಂಜುಗಣ್ಣಿನಿಂದ ನನ್ನನ್ನೇ ನೋಡಿದಳು. ನಾನು ಎದ್ದು ಹೊರಟಾಗ ಸೆರಗು ಹಿಡಿದು ನಿಲ್ಲಿಸಿ, ಗುಟ್ಟು ಹೇಳುವವರಂತೆ ಅಂದಳು: “ಆವತ್ತು ನಮ್ಮಣ್ಣ ಭಾಳ ನಕ್ಕಿದ್ದ ನೋಡವ್ವಾ.”

ಈಗ ಅವಳೂ ಇಲ್ಲ. ಅಪ್ಪ ಹಾಗೆ ನಕ್ಕದ್ದನ್ನು ಕಂಡವಳು ನಾನೊಬ್ಬಳೇ ಉಳಿದಿದ್ದೇನೆ.